ಮಡಿಕಿಗೆ ಮೂಗುತಿ

ನಮ್ಮೂರು ಬ್ಯಾಡಗಿಗೂ ಮೋಟೆಬೆನ್ನೂರಿಗೂ ನಡುವ ಐತಿ. ಪಂಚಾಯ್ತಿ ಕಟ್ಟಡದ ಬಾಜೂಕ ಒಂದು ಖೋಲಿ, ಖೋಲಿಯೊಳಗ ಒಂದು ಲೈಬ್ರರಿ, ಲೈಬ್ರರಿಯೊಳಗ ನಾನು. ಹದಿನಾರು ವರ್ಷದಿಂದ ಅಲ್ಲೇ ಕುಂತೇನಿ. ಪುಸ್ತಕದ ನಡುವ ಕುಂತಾಕಿಗೆ ಏನು ತ್ರಾಸು, ಗದ್ದಲಿಲ್ಲ ಗೋಜಿಲ್ಲ ಅಂತ ಮಂದಿ ತಿಳಕೊಂಡಾರ. ಹಂಗೇನಿಲ್ರಿ. ಬಸ್‌ಸ್ಟ್ಯಾಂಡಿನಾಗ, ಸಂತ್ಯಾಗ ಆಗೋ ಫಜೀತಿ ಎಲ್ಲಾ ಇಲ್ಲೂ ಆಗತಾವ, ಸಣ್ಣ ದನಿಯೊಳಗ ಆಗತಾವ ಅಷ್ಟ.

ಸಣ್ಣ ದನಿ ಯಾಕಂದ್ರ, ಬಾಗಲದ ಎದರಿಗೆ ಒಂದು ದೊಡ್ಡ ಬೋರ್ಡ್ ಐತಿ: ‘ನಿಶ್ಶಬ್ದವಾಗಿರಿ’. ಅದನ್ನ ಬರಸಿದಾಕಿ ನಾನ. ಪೇಂಟರ್ ಮೊದಲ ‘ನಿಶಬ್ಧ’ ಅಂತ ಬರದ, ಆಮ್ಯಾಲ ‘ನಿಷಬ್ದ’ ಅಂತ ಬರದ, ಮೂರನೇ ಸಲ ‘ನಿಶ್ಯಬ್ದ’ ಅಂತ ಬರದ. ಮೂರೂ ಸಲ ಅಳಸಿಸಿದೆ. ನಾಲ್ಕನೇ ಸಲ ಬಣ್ಣದ ಡಬ್ಬಿ ನನ್ನ ಮುಂದ ಇಟ್ಟು, "ಅಕ್ಕಾರ, ನೀವ ಬರೀರಿ, ನಾ ನಿಶ್ಶಬ್ದ ಇರತೀನಿ" ಅಂದ. ಕಡೀಕ ನಾನ ಸರಿಯಾಗಿ ಬರದೆ. ತಪ್ಪು ಕಂಡ್ರ ನನಗ ತಡಿಯಾಕ ಆಗಂಗಿಲ್ಲ, ಏನ ಮಾಡ್ಲಿ. ಲಗ್ನದ ಕಾರ್ಡ್ ಕೊಡಾಕ ಬಂದವರ ಮುಂದನ ಪೆನ್ನು ತಗೊಂಡು ತಿದ್ದಿಕೊಟ್ಟಾಕಿ ನಾನು. ಅವರು ಮುಂದ ನಮ್ಮನ್ನ ಬಸರಿ ಕುಬಸಕ್ಕ ಕರೀಲಿಲ್ಲ.

ಇಂಥಾ ನನ್ನ ಹೊಟ್ಟ್ಯಾಗ ಹುಟ್ಟಿದ ಮಗಳು ಪುಸ್ತಕ ಅಂದ್ರ ಮಾರು ದೂರ ಸರಿತಿದ್ಲು. ಊರ ಮಂದಿಗೆಲ್ಲಾ ಪುಸ್ತಕ ಹಂಚೋ ನನಗ, ಮನಿ ಮಗಳ ಕೈಲೆ ಒಂದು ಕಥಿ ಓದಸಾಕ ಆಗಿದ್ದಿಲ್ಲ. ಆಕಿ ಆರನೇ ಕ್ಲಾಸಿನಾಗ ಇದ್ದಾಗ ಸಾಲಿ ಮಾಸ್ತರು ಕರದು ಹೇಳಿದ್ರು: "ಲೆಕ್ಕ ಮಾಡ್ತಾಳ, ಚಿತ್ರ ತಗೀತಾಳ, ಖೋ ಖೋ ಆಡ್ತಾಳ. ಎದ್ದು ನಿಂತು ಓದು ಅಂದ್ರ ಮಾತ್ರ ಬಾಯಿಗೆ ಬೀಗ. ಇನ್ನೆರಡು ವರ್ಷಕ್ಕ ಹೈಸ್ಕೂಲಿಗೆ ಹೋಗೋ ಹುಡುಗಿ, ನೀವ ಲೈಬ್ರರಿಯವರು, ನಿಮಗ ನಾನೇನ ಹೇಳ್ಲಿ." ಅವತ್ತ ನಾ ಮನಿಗೆ ಬಂದು ಬಚ್ಚಲದಾಗ ಕುಂತು ಅತ್ತೆ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಮುಂದಿಂದೆಲ್ಲಾ ನಗೂದ ಐತಿ.

೧. ಪುಸ್ತಕದಾಗ ಏನೈತಿ

ಮಾಸ್ತರ ಮಾತು ಕೇಳಿದ ಮರುದಿನನ ಕಾಯ್ದೆ ಮಾಡಿದೆ. ಸಾಲಿ ಬಿಟ್ಟ ಮ್ಯಾಲ ಒಂದು ತಾಸು ಲೈಬ್ರರಿಯಾಗ ಕುಂದ್ರಬೇಕು, ಕೈಯಾಗ ಪುಸ್ತಕ ಇರಬೇಕು. ಮಗಳು ಹಟ ಮಾಡ್ತಾಳ ಅಂತ ತಿಳಕೊಂಡಿದ್ದೆ. ಇಲ್ಲ. "ಹೂಂ" ಅಂತ ಒಂದ ಮಾತಿಗೆ ಒಪ್ಪಿದ್ಲು. ಅವಾಗ ನನಗ ಸಂಶೆ ಬರಬೇಕಿತ್ತು.

ಹದಿನೈದು ದಿವಸ ಆಗಿರಬೇಕು. ಹಾವೇರಿಯಿಂದ ಸಾಹೇಬ್ರು ತಪಾಸಣಿಗೆ ಬಂದ್ರು. ಕಪಾಟು ನೋಡಿದ್ರು, ರಿಜಿಸ್ಟರ್ ನೋಡಿದ್ರು, ಮೂಲ್ಯಾಗ ದೊಡ್ಡ ಪುಸ್ತಕ ಎದರಿಗೆ ನಿಲ್ಲಿಸಿಕೊಂಡು ಅದರ ಹಿಂದ ಮುಖ ಮರಿ ಮಾಡಿ ಕುಂತ ನನ್ನ ಮಗಳನ್ನ ನೋಡಿದ್ರು. ನೋಡಿದವರು ಕರಗಿಬಿಟ್ರು.

"ಯಾರ ಹುಡುಗಿರಿ ಇದು? ನಾ ಬಂದಾಗಿಂದ ಪುಸ್ತಕದಿಂದ ತಲಿ ಎತ್ತಿಲ್ಲ."

"ನನ್ನ ಮಗಳರಿ" ಅಂದೆ. ಹೇಳುವಾಗ ನನ್ನ ದನಿ ಒಂದೀಟು ದಪ್ಪ ಆಗಿತ್ತು, ಸುಳ್ಳ್ಯಾಕ ಹೇಳ್ಲಿ.

ಸಾಹೇಬ್ರು ಆಕಿ ಎದರಿಗೆ ಬಗ್ಗಿ, "ಏನೈತವಾ ಮರಿ ಆ ಪುಸ್ತಕದಾಗ?" ಅಂತ ಪ್ರೀತಿಲೆ ಕೇಳಿದ್ರು.

"ಮಂಡಕ್ಕಿ, ಪುಟಾಣಿ" ಅಂದ್ಲು ಮಗಳು.

"ಓಹೋ, ಅಡಗಿ ಪುಸ್ತಕ. ಮತ್ತೇನೈತಿ?"

"ಉಳ್ಳಾಗಡ್ಡಿ ಹಾಕಿಲ್ರಿ, ವಾಸನಿ ಬರತೈತಿ ಅಂತ."

ಸಾಹೇಬ್ರು ಪುಸ್ತಕ ಸರಿಸಿ ನೋಡಿದ್ರು. ಹಿಂದ ಪೇಪರಿನ ಪೊಟ್ಟಣ, ಪೊಟ್ಟಣದಾಗ ಒಗ್ಗರಣಿ ಮಂಡಕ್ಕಿ. ನನಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಸಾಹೇಬ್ರು ನನ್ನ ನೋಡಿದ್ರು, ಪೊಟ್ಟಣ ನೋಡಿದ್ರು, ಹೊರಗ ನಿಂತ ಜೀಪಿನ ಡ್ರೈವರ್ ಕಡೆ ನೋಡಿದ್ರು. ಸಾಹೇಬ್ರೂ ಮುಂಜಾನೆಯಿಂದ ನಾಲ್ಕು ಊರು ತಿರಗಿ ಹಸದು ಬಂದಿದ್ರು. ಸುಮ್ಮನ ಕೈ ಒಡ್ಡಿದ್ರು. ಮಗಳು ಒಂದು ಹಿಡಿ ಹಾಕಿದ್ಲು.

ಹೋಗುವಾಗ ರಿಜಿಸ್ಟರಿನಾಗ ನನ್ನ ಬಗ್ಗೆ ಬರದ್ರು: ‘ಮೇಲ್ವಿಚಾರಕರು ಮಕ್ಕಳಿಗೆ ಓದಿನ ರುಚಿ ಹತ್ತಿಸಿದ್ದಾರೆ.’ ಆ ಹಾಳಿ ಮ್ಯಾಲ ಎಣ್ಣಿ ಕಲಿ ಇನ್ನೂ ಐತಿ.

೨. ನಾಲ್ಕು ಬೆರಳು ಪುಸ್ತಕ

ಮಕ್ಕಳಿಗೆ ಬೇಕಾದ ಪುಸ್ತಕ ಅವರ ಕೈಲೆನ ಆರಸಕೊಳ್ಳಾಕ ಬಿಡಬೇಕು ಅಂತ ಯಾರೋ ಹೇಳಿದ್ರು. ಖರೇ ಅನಿಸ್ತು. ಒಂದು ರವಿವಾರ ಮಗಳನ್ನ ಕರಕೊಂಡು ರಾಣೆಬೆನ್ನೂರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ರ ಒಂದು ಪುಸ್ತಕದ ಅಂಗಡಿ. "ನಿನಗ ಯಾವುದ ಬೇಕು ಅದನ್ನ ತಗೋ. ನಾ ಏನೂ ಅನ್ನಂಗಿಲ್ಲ" ಅಂತ ಹೇಳಿ ಹೊರಗ ನಿಂತೆ. ಒಳಗ ನಿಂತ್ರ ಬಾಯಿ ಸುಮ್ಮನಿರಂಗಿಲ್ಲ ಅಂತ ನನಗ ಗೊತ್ತಿತ್ತು.

ಅರ್ಧ ತಾಸು ನೋಡಿದ್ಲು. ಬಣ್ಣದ ಚಿತ್ರದ ಪುಸ್ತಕ ಬಿಟ್ಲು. ತೆಳ್ಳಗಿನ ಕಥಿ ಪುಸ್ತಕ ಬಿಟ್ಲು. ದಪ್ಪನ್ನ ಪುಸ್ತಕದ ಸಾಲಿಗೆ ಹೋಗಿ ಒಂದೊಂದನ್ನ ತಗದು, ಒತ್ತಿ ನೋಡಿ, ಮಗ್ಗಲಿಗೆ ಬೆರಳಿಟ್ಟು ಅಳದು, ಕಡೀಕ ಒಂದು ನಿಘಂಟು ಎತ್ತಿಕೊಂಡು ಬಂದ್ಲು. ಅಂಗಡಿಯವನಿಗೂ ಆಶ್ಚರ್ಯ. "ಇದು ಕಾಲೇಜಿನವರು ತಗೊಳ್ಳೋದವಾ" ಅಂದ.

"ನನಗ ಇದ ಬೇಕು" ಅಂದ್ಲು.

ಬಸ್ಸಿನಾಗ ಬರುವಾಗ ನನ್ನ ಕಣ್ಣಾಗ ನೀರು. ಬಾಜೂಕ ಕುಂತ ಹೆಣ್ಮಗಳಿಗೆ, "ಶಬ್ದಗಳ ಮ್ಯಾಲ ಆಸೆ ಹುಟ್ಟೇತ್ರಿ ನನ್ನ ಮಗಳಿಗೆ" ಅಂದೆ. ಆಕಿ ಪಾಪ, "ದೃಷ್ಟಿ ತಗೀರಿ" ಅಂದ್ಲು.

ಆ ವಾರ ಶನಿವಾರ, ಸಾಲಿ ಮುಂಜಾನೆಯಷ್ಟ ಇದ್ದ ದಿನ, ಮಧ್ಯಾಹ್ನ ಲಗೂನ ಮನಿಗೆ ಬಂದೆ. ಅಡಗಿ ಮನ್ಯಾಗ ಸ್ಟೂಲು, ಸ್ಟೂಲಿನ ಮ್ಯಾಲ ನಿಘಂಟು, ನಿಘಂಟಿನ ಮ್ಯಾಲ ಮಗಳು, ಮಗಳ ಕೈಯಾಗ ಮೊಬೈಲು. ಮೊಬೈಲು ಆಕಿಗೆ ಸಿಗಬಾರದು ಅಂತ ನಾ ಮ್ಯಾಲಿನ ಹಲಗಿ ಮ್ಯಾಲ ಇಡತಿದ್ದೆ. ಸ್ಟೂಲು ಹತ್ತಿದ್ರ ನಾಲ್ಕು ಬೆರಳು ಕಡಿಮಿ ಬೀಳತಿತ್ತಂತ. ಅಂಗಡ್ಯಾಗ ಅಳದಿದ್ದು ಅದನ್ನ. ಮಾಸ್ತರು ಹೇಳಿದ್ದು ಖರೇ, ಲೆಕ್ಕದಾಗ ಹುಡುಗಿ ಹುಷಾರ.

"ಕಾಲ ತೊಳಕೊಂಡ ಹತ್ತೇನಿ ಅವ್ವಾ" ಅಂದ್ಲು, ಅಲ್ಲಿಂದನ.

ನಾ ಬಾಯಿ ತಗಿಯೂದ್ರಾಗ ಪಡಸಾಲ್ಯಾಗ ಕುಂತಿದ್ದ ನಮ್ಮ ಅತ್ತಿ ಅಂದ್ರು, "ಯಾಕ ಬೈತಿ? ಪುಸ್ತಕ ಹಿಡದವರು ಮ್ಯಾಲ ಹೋಗತಾರ ಅಂತ ದಿನಾ ಹೇಳಾಕಿ ನೀನ. ಆಕಿ ಹೋಗ್ಯಾಳ."

೩. ಅಪ್ಪನ ಓದು

ಇದು ಸಣ್ಣದು. ದೊಡ್ಡವರು ಓದೂದು ನೋಡಿ ಮಕ್ಕಳು ಓದತಾರ ಅಂತ ಇನ್ನೊಬ್ಬರು ಹೇಳಿದ್ರು. ನನ್ನ ಗಂಡ ಟ್ರ್ಯಾಕ್ಟರ್ ರಿಪೇರಿ ಮಾಡ್ತಾರ. ಪುಸ್ತಕದ ಸುದ್ದಿಗೆ ಹೋದವರಲ್ಲ, ಆದ್ರ ಮಗಳ ಸಲುವಾಗಿ ಹೂಂ ಅಂದ್ರು. ದಿನಾ ಸಂಜಿ ಚಹಾ ಕುಡದ ಮ್ಯಾಲ ಕೈಕಾಲು ತೊಳಕೊಂಡು, ಮಗಳಿಗೆ ಕಾಣೂ ಹಂಗ ಖುರ್ಚಿ ಮ್ಯಾಲ ಕುಂತು, ಪುಸ್ತಕ ತಗದು ಓದಾಕ ಸುರು ಮಾಡ್ತಿದ್ರು. ಸ್ವಲ್ಪ ಹೊತ್ತಿನಾಗ ಪುಸ್ತಕ ಎದಿ ಮ್ಯಾಲ, ಗೊರಕಿ ಓಣಿಗೆಲ್ಲಾ.

ಮಗಳು ಕುಂತು ನೋಡಿದ್ದಂತೂ ಖರೇ. ನಾಲ್ಕನೇ ದಿನ ಬಂದು ನನಗ ಹೇಳಿದ್ಲು: "ಅವ್ವಾ, ಸೋಮವಾರ ಅಪ್ಪಗ ಮೂರು ಪುಟ ಬೇಕಾಗಿದ್ವು. ಇವತ್ತ ಒಂದ ಪುಟದಾಗ ಮಲಗ್ಯಾನ. ಲಗೂ ಕಲ್ಯಾಕತ್ತಾನ."

ಅತ್ತಿ ಅಷ್ಟಕ್ಕ ಬಿಡಲಿಲ್ಲ. "ನನಗೂ ಒಂದು ಅಂಥಾದ್ದ ಪುಸ್ತಕ ತಂದ ಕೊಡು. ದವಾಖಾನಿ ಗುಳಿಗಿ ನುಂಗಿ ನುಂಗಿ ಸಾಕಾಗೇತಿ."

"ನಿಮಗ ಓದಾಕ ಬರಂಗಿಲ್ಲಲ್ರಿ" ಅಂದೆ.

"ಓದಾಕ ಯಾಕ ಬರಬೇಕು, ತಲಿದಿಂಬಿಗೆ ಇಟಕೋತೀನಿ."

೪. ಉಟ

ಒಂದ ಕೆಲಸಕ್ಕ ಹಾವೇರಿಗೆ ಹೋಗಿದ್ವಿ, ನಾನೂ ಮಗಳೂ. ಪುಸ್ತಕ ಬ್ಯಾಡಾಗಿದ್ರ ಬ್ಯಾಡ, ಅಂಗಡಿ ಬೋರ್ಡರೆ ಓದಲಿ ಅಂತ ನಾ ಹೊಸಾ ಹಾದಿ ಹಿಡದಿದ್ದೆ. "ಅದನ್ನ ಓದು, ಇದನ್ನ ಓದು" ಅಂತ ದಾರಿಯುದ್ದಕ್ಕೂ ಬೆನ್ನು ಹತ್ತಿದ್ದೆ. ಹುಡುಗಿ ಮಾರಿ ಸಣ್ಣದು ಮಾಡಿಕೊಂಡು ಓದಾಕತ್ತಿತ್ತು. ಒಂದು ಖಾನಾವಳಿ ಮುಂದ ನಿಂತು ಓದಿದ್ಲು: "ಇಲ್ಲಿ ಬಿಸಿ ರೊಟ್ಟಿ ಉಟ ಸಿಗುತ್ತದೆ."

"ಉಟ ಅಲ್ಲ, ಊಟ. ದೀರ್ಘ ಎಳೀಬೇಕು. ಇನ್ನೂ ಇಷ್ಟ ಗೊತ್ತಾಗಂಗಿಲ್ಲ ನಿನಗ?" ಅಂದೆ.

"ಅಲ್ಲಿ ಉಟ ಅಂತನ ಐತಿ ಅವ್ವಾ."

ತಲಿ ಎತ್ತಿ ನೋಡಿದೆ. ಹೌದು. ಬೋರ್ಡಿನ ತುಂಬ ದೊಡ್ಡದಾಗಿ ‘ಉಟ’. ಮಗಳು ಬರದದ್ದನ್ನ ಬರದಂಗ ಓದಿದ್ಲು, ಬೈಸಿಕೊಂಡಿದ್ಲು. ಆಕಿಗೆ ತಪ್ಪಾತು ಅಂತ ಅನಬೇಕಿತ್ತು ನಾನು. ಅನಲಿಲ್ಲ. ನನ್ನ ಸಿಟ್ಟೆಲ್ಲಾ ಬೋರ್ಡಿನ ಮ್ಯಾಲ ಹೊಳ್ಳಿತು. ಸೀದಾ ಗಲ್ಲೆದ ಮುಂದ ಹೋಗಿ ಮಾಲಕರಿಗೆ ಹೇಳಿದೆ: "ನಿಮ್ಮ ಬೋರ್ಡಿನಾಗ ತಪ್ಪೈತ್ರಿ. ಊಟಕ್ಕ ದೀರ್ಘ ಇಲ್ಲ. ಮಕ್ಕಳು ಓದಿ ತಪ್ಪ ಕಲೀತಾವ."

ಮಾಲಕರು ಎಲಿ ಅಡಿಕಿ ಬಾಯಿಂದ ತಗದು ಸಮಾಧಾನಲೆ ಹೇಳಿದ್ರು: "ಅಕ್ಕಾರ, ಈ ಬೋರ್ಡ್ ಹಾಕಿ ಒಂಬತ್ತು ವರ್ಷ ಆತು. ಇದನ್ನ ಓದಿ ಒಬ್ಬರೂ ಹಸಗೊಂಡ ಹೋಗಿಲ್ಲ. ಮೊದಲನೇದವರು ನೀವ, ಉಣ್ಣದ ಬರೇ ಮಾತಾಡಿ ಹೊಂಟೀರಿ."

ಹೊಳ್ಳಿ ನೋಡಿದ್ರ ಮಗಳು ಹಿಂದಿಲ್ಲ. ಒಳಗ ಕುಂತು ಎರಡನೇ ರೊಟ್ಟಿ ಮುರಿಯಾಕತ್ತಿದ್ಲು.

೫. ರಾಜ ಮಡಿಕಿ ತಗೊಂಡು ಹೊಂಟಾನ

ಬ್ಯಾಸಗಿ ಸೂಟಿ ಬಂತು. ಆರನೇ ಕ್ಲಾಸ್ ಮುಗೀತು. ನನ್ನ ಎಲ್ಲಾ ಹಿಕಮತ್ತೂ ಮುಗದಿದ್ವು.

ನಮ್ಮ ಕಡೆ ಆ ದಿವಸದಾಗ ಮನಿ ಮನಿಯಾಗ ಮೆಣಸಿನಕಾಯಿ ಚೀಲ. ಬ್ಯಾಡಗಿ ಅಂಗಡಿಯವರು ತಂದು ಇಳಸ್ತಾರ, ಹೆಣ್ಮಕ್ಕಳು ಮೂಗಿಗೆ ಬಟ್ಟಿ ಕಟಗೊಂಡು ಕುಂತು ತುಂಬು ಮುರೀತಾರ. ತುಂಬು ಅಂದ್ರ ಕಾಯಿ ತೊಟ್ಟು. ನಮ್ಮ ಪಡಸಾಲ್ಯಾಗ ಅತ್ತಿ, ಎಡಗಡೆ ಮನಿಯಾಕಿ, ಬಲಗಡೆ ಮನಿಯಾಕಿ, ಮೂವರೂ ಕೆಂಪನ್ನ ರಾಶಿ ಸುತ್ತ ಕುಂದ್ರತಿದ್ರು. ನನ್ನ ಮಗಳೂ ಸೂಟಿಯಾಗ ಅವರ ಜೋಡಿ. ಆ ಮೂವರಿಗೂ ಅಕ್ಷರ ಬರಂಗಿಲ್ಲ. ಟಿವಿ ಮುಂದ ಧಾರಾವಾಹಿ ನೋಡಿಕೋತ ಕೈ ಆಡಸೋರು, ಆ ಟಿವಿ ಕೆಟ್ಟು ಎಂಟು ದಿನ ಆಗಿತ್ತು.

ಅವತ್ತ ನಾ ಉಣ್ಣಾಕ ಮನಿಗೆ ಬಂದೆ. ಬಾಗಲದಾಗ ಒಂದು ಚಪ್ಪಲಿ ಬಿಟ್ಟೇನಿ, ಒಳಗ ಅತ್ತಿ ದನಿ ಕೇಳ್ತು.

"ಕೈಗೆ ಕೆಲಸ ಐತಿ, ಕಿವಿಗಿಲ್ಲ. ನಿಮ್ಮವ್ವ ತಂದಿಟ್ಟ ಕಥಿ ಪುಸ್ತಕ ಐತೆಲ್ಲ, ಓದವಾ ಒಂದೀಟು."

"ನಾ ಒಲ್ಲೆ. ತಪ್ಪಾಗತೈತಿ" ಅಂದ್ಲು ಮಗಳು.

"ಆದ್ರ ಆಗವಲ್ದ್ಯಾಕ?"

"ಅವ್ವ ಹಿಡೀತಾಳ ಅಜ್ಜಿ. ಒಂದು ಸಾಲು ಓದೂದ್ರಾಗ ಮೂರ ಸಲ ತಡೀತಾಳ. ಇದು ಅಲ್ಪಪ್ರಾಣ ಅಂತಾಳ, ಅದು ಮಹಾಪ್ರಾಣ ಅಂತಾಳ. ನನ್ನ ಪ್ರಾಣ ಹೋಗತೈತಿ. ಕಥಿ ಎಲ್ಲಿತ್ತು ಅನ್ನೂದ ಮರತ ಹೋಗತೈತಿ."

ಒಂದು ಕಾಲಾಗ ಚಪ್ಪಲಿ, ಇನ್ನೊಂದು ಕಾಲು ಹೊಸ್ತಲದ ಮ್ಯಾಲ, ಬಾಗಲ ಸಂದ್ಯಾಗ ಹಣಕಿಕೋತ ಹಂಗ ನಿಂತೆ. ಮೊಬೈಲ್ ತಪ್ಪು ಅಂದಿದ್ದೆ, ಸಾಲಿ ತಪ್ಪು ಅಂದಿದ್ದೆ, ಗಂಡನ ಗೊರಕಿ ತಪ್ಪು ಅಂದಿದ್ದೆ. ಊರ ಮಂದಿ ತಪ್ಪೆಲ್ಲಾ ಹಿಡದಾಕಿಗೆ ಈ ತಪ್ಪು ಕಂಡಿದ್ದಿಲ್ಲ. ಬಾಳ ಕೆಟ್ಟ ಅನಿಸ್ತು.

ಒಳಗ ಅತ್ತಿ ನಕ್ಕರು. "ಅಯ್ಯ ಹುಚ್ಚಿ, ನನಗ ಅಕ್ಷರನ ಬರಂಗಿಲ್ಲ. ನಿನ್ನ ತಪ್ಪು ನನಗ ಹೆಂಗ ಗೊತ್ತಾಗಬೇಕು? ನೀ ಏನ ಓದತಿ ಅದ ಖರೇ."

ಆಮ್ಯಾಲ ಹಾಳಿ ತಿರುವಿದ ಸಪ್ಪಳ. ಮಗಳ ದನಿ, ಒಂದೊಂದ ಅಕ್ಷರ ಕೂಡಿಸಿ ಕೂಡಿಸಿ:

"ಒಬ್ಬ ರಾಜನಿದ್ದನು. ಅವನು ತನ್ನ ಮಡಿಕೆಯೊಡನೆ ಪ್ರಯಾಣ ಹೊರಟನು."

ಪುಸ್ತಕದಾಗ ಇದ್ದದ್ದು ‘ಮಡದಿಯೊಡನೆ’. ನಮ್ಮ ಕಡೆ ಯಾರ ಬಾಯಾಗೂ ಮಡದಿ ಅನ್ನೋ ಶಬ್ದ ಇಲ್ಲ, ನಾವು ಹೇಣ್ತಿ ಅಂತೀವಿ. ಮಡಿಕಿ ಮಾತ್ರ ಎಲ್ಲಾರಿಗೂ ಗೊತ್ತು. ‘ಮಡದಿ’ ಅಂತ ನನ್ನ ನಾಲಗಿ ತುದಿಗೆ ಬಂತು. ಸೆರಗು ತಗದು ಬಾಯಾಗ ತುರಕೊಂಡೆ.

"ಮಡಿಕಿ ಅಂದ್ರ ಗಡಿಗಿ ಹೌದಲ್ಲ?" ಅಂದ್ಲು ಎಡಗಡೆ ಮನಿಯಾಕಿ.

"ಗಡಿಗಿ ಯಾಕ ಆಗತೈತಿ, ಹೊಲಾ ಹೊಡಿಯೋ ಮಡಿಕಿ, ನೇಗಿಲಾ" ಅಂದ್ಲು ಬಲಗಡೆ ಮನಿಯಾಕಿ. ಆಕಿದು ಒಕ್ಕಲತನದ ಮನಿ. "ರಾಜ ಹೊಲಕ್ಕ ಹೊಂಟಾನ."

"ರಾಜಗ ಆಳ ಇಲ್ಲೇನು?"

"ಈಗ ಆಳ ಎಲ್ಲಿ ಸಿಗತಾವ ತಗೋ."

"ಸುಮ್ನಿರ್ರಿ, ಮುಂದ ಐತಿ" ಅಂದ್ಲು ಮಗಳು. ಆಕಿ ಬಾಯಿಂದ ‘ಮುಂದ ಐತಿ’ ಅನ್ನೋ ಮಾತು ನಾ ಅವತ್ತ ಮೊದಲ ಕೇಳಿದ್ದು. "ಕಾಡಿನ ದಾರಿಯಲ್ಲಿ ಮಡಿಕೆಯು ಕಣ್ಣೀರು ಸುರಿಸಿದಳು."

"ನಾ ಹೇಳಲಿಲ್ಲ?" ಅಂದ್ಲು ಎಡಗಡೆಯಾಕಿ. "ಸೋರಾಕತ್ತೈತಿ. ಗಡಿಗೀನ ಅದು."

ಬಲಗಡೆಯಾಕಿ ಸೋತ್ಲು.

"ರಾಜನು ಮಡಿಕೆಯನ್ನು ಸಮಾಧಾನಪಡಿಸಿದನು."

"ಮಣ್ಣ ಮೆತ್ತಿರಬೇಕು" ಅಂದ್ರು ಅತ್ತಿ.

"ಮಡಿಕೆಯು, ನಾನು ತವರಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು."

"ಗಡಿಗಿಗೆ ತವರಮನಿ ಎಲ್ಲೀದು?" ಅಂತ ಬಲಗಡೆಯಾಕಿ ಕೇಳಿದ್ಲು.

"ಕುಂಬಾರ ಓಣಿ" ಅಂದ್ರು ಅತ್ತಿ.

ಹೊರಗ ನನ್ನ ಸೆರಗು ಒದ್ದಿ ಆಗಿತ್ತು. ನಗು ಒಂದು ಕಡೆ, ತಿದ್ದೋ ಚಟ ಒಂದು ಕಡೆ. ಆದ್ರ ಒಂದು ಮಾತು ನನ್ನ ಕಿವಿಗೆ ಬಿತ್ತು. ಮೊದಲನೇ ಪುಟ ತಡವರಿಸಿಕೋತ ಓದಿದ ಹುಡುಗಿ, ಮೂರನೇ ಪುಟಕ್ಕ ಲಗೂ ಲಗೂ ಓದಾಕತ್ತಿದ್ಲು. ಗಡಿಗಿ ತವರಮನಿಗೆ ಮುಟ್ಟಿತೋ ಇಲ್ಲೋ ಅಂತ ಆಕಿಗೂ ಚಿಂತಿ ಹತ್ತಿತ್ತು.

"ನದಿಯಲ್ಲಿ ಸ್ನಾನಕ್ಕೆ ಇಳಿದಾಗ ಮಡಿಕೆಯ ಮೂಗುತಿ ಜಾರಿ ನೀರಿಗೆ ಬಿದ್ದಿತು."

ತುಂಬು ಮುರಿಯೋ ಕೈಗಳು ನಿಂತ್ವು. ಅತ್ತಿ ನಿಧಾನಕ ಅಂದ್ರು: "ಕಿವಿ ಇದ್ದ ಪಾತ್ರಿ ಕಂಡೇನಿ. ಮೂಗು ಇದ್ದ ಗಡಿಗಿ ನಾ ಹುಟ್ಟಿದಾಗಿಂದ ಕಂಡಿಲ್ಲ."

ಮಗಳು ಪುಸ್ತಕ ಕಣ್ಣಿನ ಹತ್ರ ಹಿಡದ್ಲು. ಹಾಳಿ ಹಿಂದಕ್ಕ ತಿರುವಿದ್ಲು, ಇನ್ನೊಂದು ತಿರುವಿದ್ಲು, ಮೊದಲನೇ ಪುಟಕ್ಕ ಹೋದ್ಲು.

"ಅಜ್ಜಿ, ಇದು ‘ಡಿಕೆ’ ಅಲ್ಲ, ‘ಡದಿ’ ಐತಿ. ಮಡದಿ."

"ಹಂಗಂದ್ರ?"

"ಗೊತ್ತಿಲ್ಲ. ತಡಿ, ಕೇಳಕೊಂಡ ಬರ್ತೀನಿ."

ಲೈಬ್ರರಿಗೆ ಓಡಬೇಕಂತ ಹೊರಗ ಬಂದಾಕಿ ಬಾಗಲದಾಗ ನನ್ನ ಮ್ಯಾಲ ಬಿದ್ಲು. ನನ್ನ ಬಾಯಾಗ ಸೆರಗು. ಆಕಿ ಅದನ್ನ ಕೇಳಲಿಲ್ಲ, "ಅವ್ವಾ, ಮಡದಿ ಅಂದ್ರೇನು?" ಅಂದ್ಲು.

ಹದಿನಾರು ವರ್ಷ ನೌಕರಿ ಮಾಡೇನಿ. ಯಾರ್ಯಾರೋ ಬಂದು ಏನೇನೋ ಕೇಳ್ಯಾರ. ನನ್ನ ಮಗಳು ತಾನಾಗಿ ಒಂದು ಶಬ್ದ ಕೇಳಿದ್ದು ಅದ ಮೊದಲು. ‘ಅಷ್ಟೊತ್ತಿನಿಂದ ತಪ್ಪ ಓದೀದಿ’ ಅನಲಿಲ್ಲ. "ಹೇಣ್ತಿ" ಅಂದೆ. ಅಷ್ಟ ಅಂದೆ. ಅಷ್ಟಕ್ಕ ನಿಲ್ಲಿಸಾಕ ನನಗೆಷ್ಟು ತ್ರಾಸ ಆತು ಅನ್ನೂದು ದೇವರಿಗೆ ಗೊತ್ತು.

ಮಗಳು ಅಲ್ಲೇ ಹೊಸ್ತಲದ ಮ್ಯಾಲ ಕುಸದು ಕುಂತು ಹೊಟ್ಟಿ ಹಿಡಕೊಂಡು ನಕ್ಕಳು. ಆಮ್ಯಾಲ ಎದ್ದು ಒಳಗ ಹೋಗಿ, ಯಾರೂ ಹೇಳದ, ಮೊದಲನೇ ಸಾಲಿನಿಂದ ಹೊಳ್ಳಿ ಓದಿದ್ಲು, ಈ ಸಲ ಮಡದಿ ಅಂತ. ಕಡೀತನಕ ಓದಿದ್ಲು.

ಮುಗದ ಮ್ಯಾಲ ಮೂವರೂ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಎಡಗಡೆ ಮನಿಯಾಕಿ ಅಂದ್ಲು: "ಹೇಣ್ತಿ ಸಿಟ್ಟಾಗಿ ತವರಮನಿಗೆ ಹೋಗೂದು ಓಣ್ಯಾಗ ದಿನಾ ನೋಡತೀವಿ. ನೀ ಆ ಗಡಿಗೀದನ್ನ ಓದವಾ."

೬. ಅಳಿಸೋ ಪುಸ್ತಕ

ಆ ಸೂಟಿ ಮುಗಿಯೂದ್ರಾಗ ಆಕಿ ಮೆಣಸಿನಕಾಯಿ ರಾಶಿ ಮುಂದ ಕುಂತು ಎಷ್ಟು ಪುಸ್ತಕ ಓದಿದ್ಲೋ ನಾ ಎಣಸಲಿಲ್ಲ. ಟಿವಿ ರಿಪೇರಿ ಆಗಿ ಬಂದ್ರೂ ಅತ್ತಿ ಹಚ್ಚಗೊಡಲಿಲ್ಲ. ನಾನು ಮಧ್ಯಾಹ್ನ ಮನಿಗೆ ಬಂದ್ರ ಚಪ್ಪಲಿ ಸಪ್ಪಳ ಮಾಡದಂಗ ಹಿತ್ತಲ ಬಾಗಲಲೆ ಒಳಗ ಹೋಗತಿದ್ದೆ. ನಮ್ಮ ಮನ್ಯಾಗ ನಾನ ಕಳ್ಳಿ.

ಓದಿ ಮುಗಿಸಿದ ಪುಸ್ತಕ ಲೈಬ್ರರಿಗೆ ವಾಪಸ್ ಬರತಿದ್ವು. ರಾಜನ ಪುಸ್ತಕನೂ ಬಂತು. ನಮ್ಮಲ್ಲಿ ದಿನಾ ಪೇಪರ್ ಓದಾಕ ಬರೋ ರಿಟೈರ್ಡ್ ಕಂಡಕ್ಟರ್ ಒಬ್ಬರು ಅದಾರ. ಬಾಳ ಖಡಕ್ ಮನಷ್ಯಾ. ಪೇಪರ್ ಬರೂದು ತಡ ಆಗಿತ್ತು, ಸುಮ್ಮನ ಕುಂದ್ರೂದ್ಯಾಕ ಅಂತ ಆ ಪುಸ್ತಕ ತಗೊಂಡ್ರು. ಕಣ್ಣಿಗೆ ಕೈ ಹಚ್ಚಿಕೋತ ಒಂದ ಎರಡು ಹಾಳಿ ತಿರುವಿದ್ರು. ನೋಡ್ತೀನಿ, ಅವರ ಕಣ್ಣಾಗ ಧಾರಾಕಾರ ನೀರು.

"ಏನಾತ್ರಿ ಯಜಮಾನ್ರ?" ಅಂದೆ.

"ಅಕ್ಕಾರ, ಇಪ್ಪತ್ತೆಂಟು ವರ್ಷ ಮಂದಿ ಕೈ ಮುಗದು ಓಡಿ ಬಂದ್ರೂ ಬಸ್ ನಿಲ್ಲಿಸಿದಾಂವ ಅಲ್ಲ ನಾನು. ಈ ಪುಸ್ತಕ ನನ್ನ ಕರಗಿಸಿಬಿಡ್ತು" ಅಂದ್ರು, ಮೂಗು ಏರಿಸಿಕೋತ.

ಅವರು ಹೋಗಿ ಕಟ್ಟಿ ಮ್ಯಾಲ ಸುದ್ದಿ ಹೇಳಿದ್ರು. ಮರುದಿನ ಇಬ್ಬರು ಬಂದು ಅದನ್ನ ಕೇಳಿದ್ರು. ಅವರೂ ಅತ್ತರು. ಆಮ್ಯಾಲ ಪಾಳಿ ಹಚ್ಚಿದ್ರು. ಪುಸ್ತಕದ ಮಾರಿ ನೋಡದವರು ಸೈತ ‘ಆ ಅಳಿಸೋ ಪುಸ್ತಕ ಐತೇನ್ರಿ’ ಅಂತ ಬಂದ್ರು. ನನಗ ಸೋಜಿಗ. ಆ ಕಥಿಯೊಳಗ ಅಳುವಂಥಾದ್ದು ಏನೂ ಇಲ್ಲ, ಕಡೀಕ ಮೂಗುತಿನೂ ಸಿಗತೈತಿ. ಕಂಡಕ್ಟರ್ ಯಜಮಾನ್ರನ್ನ ಕೇಳಿದೆ:

"ನಿಮಗ ಎಷ್ಟನೇ ಪುಟದಾಗ ಅಳು ಬಂತ್ರಿ?"

"ಮುನ್ನುಡಿಯೊಳಗ" ಅಂದ್ರು.

ಆವಾಗ ನಾ ಪುಸ್ತಕ ತಗದು ಮೂಗಿನ ಹತ್ರ ಒಯ್ದೆ. ಏಳು ಸಲ ಸೀನಿದೆ. ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಳಿ ಹಾಳಿಗೆ, ನನ್ನ ಮಗಳ ಬೆರಳಿನ ಗುರುತಿನ ಸಮೇತ. ಒಣಾ ಅರಿವಿ ತಗೊಂಡು ವರಸಾಕ ಕುಂತೆ. ಮಗಳು ಬಂದು ಕೈ ಹಿಡದ್ಲು.

"ವರಸಬ್ಯಾಡ ಅವ್ವಾ. ಮಂದಿ ಓದಾಕತ್ತಾರ."

೭. ಬೋರ್ಡು

ಈಗ ಆಕಿ ಏಳನೇ ಕ್ಲಾಸು. ಸಾಲಿಯಾಗ ಎದ್ದು ನಿಂತು ಓದ್ತಾಳಂತ, ತಪ್ಪಾದ್ರ ನಕ್ಕು ಹೊಳ್ಳಿ ಓದ್ತಾಳಂತ. ಮಾಸ್ತರು ಹಾದ್ಯಾಗ ಸಿಕ್ಕು ಹೇಳಿದಾಗ ನನ್ನ ಎದಿ ಮ್ಯಾಲಿನ ಕಲ್ಲು ಇಳದಂಗ ಆತು. ಸಾಲಿ ಬಿಟ್ಟ ಮ್ಯಾಲ ಲೈಬ್ರರಿಗೆ ಬರ್ತಾಳ, ಅದ ಮೂಲ್ಯಾಗ ಕುಂದ್ರತಾಳ. ಒಂದು ತಾಸಿನ ಕಾಯ್ದೆ ನಾ ತಗದ ಹಾಕೇನಿ. ಈಗ ಹೊಸಾ ತಕರಾರು, ಬೀಗಾ ಹಾಕೂ ಹೊತ್ತಾದ್ರೂ ಏಳಂಗಿಲ್ಲ.

ಮೊನ್ನೆ ಸಾಹೇಬ್ರು ಮತ್ತ ತಪಾಸಣಿಗೆ ಬಂದ್ರು. ಒಳಗ ಕಾಲಿಟ್ಟವರ ಕಣ್ಣು ಸೀದಾ ಮೂಲಿಗೆ ಹೋತು. ಅದ ಹುಡುಗಿ, ಅದ ಮೂಲಿ, ಮುಖದ ಮುಂದ ನಿಲ್ಲಿಸಿದ ಪುಸ್ತಕ. ಸಾಹೇಬ್ರ ಮಾರಿ ಅರಳಿತು. ರಿಜಿಸ್ಟರ್ ಬಿಟ್ಟು ಹತ್ರ ಹೋಗಿ, ಪುಸ್ತಕದ ಮ್ಯಾಲಿಂದ ಆ ಕಡೆ ಕೈ ಒಡ್ಡಿ ನಿಂತ್ರು.

"ಏನವಾ ಮರಿ, ಇವತ್ತೇನೈತಿ ಪುಸ್ತಕದಾಗ?"

ಮಗಳಿಗೆ ಕೇಳಲಿಲ್ಲ. ಕಡೀ ನಾಲ್ಕು ಪುಟದಾಗ ಇದ್ಲು, ಆಕಿ ಕುಂತ ರೀತಿ ನೋಡೇ ನನಗ ಗೊತ್ತಾತು. ಸಾಹೇಬ್ರು ಇನ್ನೊಂದೀಟು ಜೋರಾಗಿ, "ಮಂಡಕ್ಕಿನೋ, ಅವಲಕ್ಕಿನೋ?" ಅಂದ್ರು.

ಮಗಳು ತಲಿ ಎತ್ತಲಿಲ್ಲ. ಪುಸ್ತಕದ ಹಿಂದಿನಿಂದ ಒಂದು ಕೈ ಬಂತು. ಸಾಹೇಬ್ರು ಖುಷಿಲೆ ಅಂಗೈ ಅಗಲ ಮಾಡಿದ್ರು. ಆ ಕೈಯಾಗ ಮಂಡಕ್ಕಿ ಇದ್ದಿದ್ದಿಲ್ಲ. ಬೆರಳು ಮಾಡಿ ಎದರಿನ ಬೋರ್ಡ್ ತೋರಿಸ್ತು.

"ಓದ್ರಿ" ಅಂದ್ಲು ಮಗಳು.

ಸಾಹೇಬ್ರು ಕೈ ಹಿಂದಕ್ಕ ತಗೊಂಡು, ಹೊಳ್ಳಿ ನಿಂತು, ಕನ್ನಡಕ ಸರಿ ಮಾಡಿಕೊಂಡು, ಸಾಲಿ ಹುಡುಗರಂಗ ಜೋರಾಗಿ ಓದಿದ್ರು:

"ನಿ-ಶ-ಬ್ಧ-ವಾಗಿರಿ."

ಎರಡು ತಪ್ಪು. ಶಕಾರಕ್ಕ ಒತ್ತಿಲ್ಲ, ದಕಾರ ಮಹಾಪ್ರಾಣ. ಆ ಪೇಂಟರ್ ಮೊದಲನೇ ಸಲ ಮಾಡಿದ್ದ ತಪ್ಪ ಇದು. ಮ್ಯಾಲಿನ ಸಾಹೇಬ್ರು ಆದ್ರೇನು, ಚಟಕ್ಕ ಏನ ಗೊತ್ತು. ನನ್ನ ಬಾಯಿ ತಾನ ತಗೀತು.

ಅಷ್ಟರಾಗ ಯಾರೋ ಸೆರಗು ಜಗ್ಗಿದಂಗಾತು. ಮಗಳು ಯಾವಾಗ ಎದ್ದು ಬಂದಿದ್ಲೋ, ಬೆರಳು ಪುಸ್ತಕದಾಗ ಪುಟದ ಗುರ್ತಿಗೆ ಇಟ್ಟಾಳ. ನನ್ನ ಕಿವಿಯಾಗ ಸಣ್ಣಗ ಹೇಳಿದ್ಲು:

"ಬಿಡ ಅವ್ವಾ. ತಪ್ಪು ಹಿಡದ್ರ ಅವರೂ ಓದೂದು ಬಿಟ್ಟಬಿಡ್ತಾರ."

ನನಗ ತಡೀಲಿಲ್ಲ. ಒಂದು ವರ್ಷದ ಚಿಂತಿ, ಬಚ್ಚಲದಾಗ ಕುಂತು ಅತ್ತದ್ದು, ಎಲ್ಲಾ ಕೂಡಿ ನಗು ಆಗಿ ಬಂತು. ಜೋರಾಗಿ ನಕ್ಕೆ. ಕಣ್ಣಾಗ ನೀರು ಬಂತು, ಹತ್ರ ಮೆಣಸಿನಕಾಯಿ ಪುಸ್ತಕ ಇದ್ದಿದ್ದಿಲ್ಲ. ಸಾಹೇಬ್ರು ಗಾಬರಿಯಾಗಿ, "ಯಾಕ್ರಿ, ನಾ ಸರಿ ಓದಲಿಲ್ಲೇನು?" ಅಂದ್ರು.

"ಬಾಳ ಚಲೋ ಓದಿದ್ರಿ" ಅಂದ್ಲು ಮಗಳು. ಆಮ್ಯಾಲ ನನ್ನ ಕಡೆ ಹೊಳ್ಳಿ, ಅದ ಬೆರಳು ಮಾಡಿ ಬೋರ್ಡ್ ತೋರಿಸಿದ್ಲು.

ನಾ ಸೆರಗು ತಗದು ಬಾಯಾಗ ತುರಕೊಂಡೆ.